ಬಟ್ಟಲಿನ ತಳದ ಚಿತ್ರ

ಅಥೆನ್ಸಿನ ಕುಂಬಾರಗೇರಿಯಲ್ಲಿ ಎಣ್ಣೆಯ ಕುಡಿಕೆಗೆಂದು ಕಾದು ಕಾದು ಮಿರ್ರಿನೆಗೆ ಸಾಕಾಗಿತ್ತು. ಸರದಿಯಲ್ಲಿ ಅವಳ ಮುಂದಿದ್ದ ಫಿಲಾಗ್ರೋಸ್ ಹೊಸ ಬಟ್ಟಲೊಂದನ್ನು ಚಿತ್ರಗಾರ ಡ್ರೋಮೋನನ ಮೂಗಿಗೇ ಹಿಡಿದ.

“ಏನಯ್ಯಾ ಇದು? ತಳದಲ್ಲಿ ನಾನು ವಾಂತಿ ಮಾಡ್ತಾ ಕೂತಿದೀನಿ!”

“ನಮ್ಮ ಕುಡಿತದ ಕೂಟಾನ ನಡೆದ ಹಾಗೇ ಬರಿ ಅಂದೋನು ನೀನೇ.”

“ಮೇಲೆ ನನ್ನ ಹೆಸರು ಬೇರೆ ಬರೆದಿದೀಯಲ್ಲೋ! ಅಳಿಸು.”

“ಸುಟ್ಟ ಮೇಲೆ ಹೇಗಪ್ಪಾ ಅಳಿಸೋದು?”

“ಮಾವ ಆಗೋರು ನಾಳೆ ಈ ಬಟ್ಟಲಲ್ಲೇ ಕುಡೀತೀನಿ ಅಂತ ಹಟ ಹಿಡಿದಿದಾರೆ, ಮಾರಾಯ!”

“ಅದಕ್ಯಾಕೆ ಕೂಗಾಡ್ತೀಯ? ತಳ ಕಾಣದ ಹಾಗೆ ದ್ರಾಕ್ಷಾರಸ ಸುರೀತಾನೇ ಇರು.”

ಬಟ್ಟಲನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ ಫಿಲಾಗ್ರೋಸ್ ಬಾಗಿಲಲ್ಲಿ ತಿರುಗಿದ.

“ಅವತ್ತು ಕೂಟದಲ್ಲಿ ನೀನು ನಂಗೆ ಮಾಡಿದ್ದೂ ಅದನ್ನೇ ಅಲ್ವೇನೋ, ಹಾಳಾದೋನೇ!”