ಮಡಚದೆ ಉಳಿದ ಬೆರಳು

ನಮ್ಮನ್ನಗಲಿದ ಡಾಕ್ಟರಮ್ಮನ ನೆನಪಿಗೆ ಸೇರಿದ್ದೇವೆ; ಮುಂದಿನ ಸಾಲಿನಲ್ಲಿರುವ ಅವರ ಯಜಮಾನರಿಗೆ, ಮಗಳಿಗೆ, ಸರ್ಜನ್ ಸರ್‌ಗೆ, ನಮ್ಮ ವಾರ್ಡಿನ ಎಲ್ಲರಿಗೂ ನಮಸ್ಕಾರ. ಬರೆದುಕೊಂಡು ಬಂದಿದ್ದೇನೆ — ಆದರೆ ನನ್ನದು ಕಾಗೆ ಕಾಲು, ಗುಬ್ಬಿ ಕಾಲಿನ ಅಕ್ಷರ, ತಪ್ಪುಗಳೂ ಇವೆ. ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಮಕ್ಕಳ ಹೃದಯದ ವಾರ್ಡಿನ ಆಯಾ. ಡಾಕ್ಟರಮ್ಮ ಕೂಸುಗಳ ಎದೆಯ ಸ್ಕ್ಯಾನ್ ಮಾಡುವಾಗ ಆರು ವರ್ಷ ಅವುಗಳನ್ನು ಹಿಡಿದುಕೊಂಡವಳು.

ಮೊದಲ ದಿನವೇ ಹೇಳಿಬಿಟ್ಟಿದ್ದೆ, "ಅಮ್ಮಾ, ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು."

"ನಾಲ್ಕರ ತನಕ ಎಣಿಸೋಕೆ ಬರುತ್ತೆ ತಾನೇ? ನನ್ನ ಕೆಲಸಾನೂ ಅಷ್ಟೇ ಕಣೇ," ಅಂದರು.

ಆಮೇಲೆ ಬಿಡಿಸಿ ಹೇಳಿದರು. ಶ್ವಾಸಕೋಶದಿಂದ ಒಳ್ಳೆಯ ರಕ್ತ ತರುವ ನಾಳಗಳು ನಾಲ್ಕು. ನಾಲ್ಕೂ ಹೃದಯದ ಎಡಗಡೆಯ ಕೋಣೆಗೆ ಸೇರಬೇಕು. ಕೆಲವು ಕೂಸುಗಳಿಗೆ ಹುಟ್ಟುವಾಗಲೇ ಅವು ದಾರಿ ತಪ್ಪಿ ಬೇರೆಲ್ಲೋ ಸೇರಿರುತ್ತವೆ. ಕೂಸಿನ ತುಟಿ ನೀಲಿಯಾಗುತ್ತದೆ, ಹಾಲು ಕುಡಿಯಲಾರದೆ ಏದುಸಿರು ಬಿಡುತ್ತದೆ. ಡಾಕ್ಟರಮ್ಮ ದಾರಿ ಹುಡುಕಿ ಕೊಟ್ಟರೆ ಸರ್ಜನ್ ಸರ್ ಎದೆ ತೆರೆದು ಸರಿಯಾದ ಕೋಣೆಗೆ ಸೇರಿಸಿ ಹೊಲಿಯುತ್ತಾರೆ. ಒಂದು ತಪ್ಪಿದರೂ —

ಒಂದು ತಪ್ಪಿತ್ತು. ನಾನು ಬರುವ ಮೊದಲು. ಅವರು ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. "ಬಾಯಿ ನಾಲ್ಕು ಅಂದ್ಬಿಡ್ತು, ಕಣ್ಣು ಮೂರೇ ನೋಡಿತ್ತು. ಆ ಕೂಸು ಉಳೀಲಿಲ್ಲ." ಅಂದಿನಿಂದ ಜೋರಾಗಿ ಎಣಿಸತೊಡಗಿದರು. ನಾನು ಒಂದು ಕೈಯಲ್ಲಿ ಕೂಸನ್ನು ಹಿಡಿದು, ಇನ್ನೊಂದು ಕೈಯಲ್ಲಿ ಕಿರುಬೆರಳಿನಿಂದ ಶುರುಮಾಡಿ ಎಣಿಕೆಗೆ ಒಂದೊಂದೇ ಬೆರಳು ಮಡಚಬೇಕು — ಹೀಗೆ. ನಾಲ್ಕೂ ಮಡಚುವ ತನಕ ಸ್ಕ್ಯಾನಿಗೆಂದು ಎದೆಗೆ ಹಚ್ಚಿದ ಜೆಲ್ ಒರೆಸುವಂತಿಲ್ಲ.

ಒಮ್ಮೆ ಹದಿನೆಂಟು ದಿನದ ಹೆಣ್ಣು ಕೂಸು ಬಂತು. ಬಾಗಿಲಲ್ಲಿ ಅಜ್ಜಿ, "ಬೇಗ ಮುಗಿಸು ತಾಯೀ, ನನ್ನ ಬಂಗಾರಕ್ಕೆ ಸುಸ್ತಾಗ್ತಿದೆ," ಅನ್ನುತ್ತಿದ್ದರು. ಡಾಕ್ಟರಮ್ಮ ಒಂದು ಅಂದರು, ಎರಡು, ಮೂರು ಅಂದರು. ಅಷ್ಟರಲ್ಲಿ ಫೋನು. ಮಾತಾಡಿ ಇಟ್ಟು, "ಆಯ್ತು, ಒರೆಸು," ಅಂದರು.

ನನ್ನ ತೋರುಬೆರಳು ನೆಟ್ಟಗೇ ಇತ್ತು. ಅಷ್ಟು ದೊಡ್ಡ ಡಾಕ್ಟರಿಗೆ ನಾನೇನು ಹೇಳಲಿ? ಒರೆಸದೆ ನಿಂತೆ.

"ಏನೇ ಮೌನಗೌರಿ, ಕಿವಿ ಕೇಳಿಸಲ್ವಾ?"

ಕೈ ಎತ್ತಿ ತೋರಿಸಿದೆ.

ಬೆರಳನ್ನೇ ನೋಡಿದರು. ಮತ್ತೆ ಕುಳಿತು ಹುಡುಕಿದರು. ಮೂರು ನಾಳ ಹೃದಯದ ಹಿಂದೆ ಒಟ್ಟಿಗೆ ಸೇರಿದ್ದವು. ನಾಲ್ಕನೆಯದು ಒಂಟಿಯಾಗಿ ಕತ್ತಿನ ಕಡೆ ಹತ್ತಿತ್ತು. ಮಾರನೆಯ ದಿನ ಸರ್ಜನ್ ಸರ್ ನಾಲ್ಕನ್ನೂ ಹೊಲಿದರು. ಆ ಬಂಗಾರ ಈಗ ಎರಡು ಜಡೆ ಹಾಕಿಕೊಂಡು, ಅಗೋ — ಹಿಂದಿನ ಸಾಲಿನಲ್ಲಿ ಅಜ್ಜಿಯ ತೊಡೆ ಮೇಲೆ ಕೂತಿದೆ.

ಅವತ್ತು ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು, "ಇನ್ನೊಂದ್ಸಲ ಹೀಗಾದ್ರೆ ಬಾಯಿ ಬಿಟ್ಟು ಹೇಳು. ನಾನು ಪರದೆ ನೋಡ್ತಿರ್ತೀನಿ ಕಣೇ, ನಿನ್ನ ಕೈ ನೋಡಲ್ಲ." ಹೇಳ್ತೀನಮ್ಮ ಅಂದೆ. ಹೇಳುವ ಪ್ರಮೇಯವೇ ಬರಲಿಲ್ಲ. ಅವರು ಮತ್ತೆಂದೂ ಮರೆಯಲಿಲ್ಲ.

ತಣ್ಣಗಿನದು ಸೋಕಿದರೆ ಕೂಸು ಅಳುತ್ತದೆಂದು ಜೆಲ್ ಬಾಟಲಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದರು. ಈಗ ನಾನು ಇಟ್ಟುಕೊಳ್ಳುತ್ತೇನೆ. ಬಾಟಲಿ ಬೆಚ್ಚಗಾಗುತ್ತದೆ. ಆ ಸಣ್ಣ ಕತ್ತಲೆ ಕೋಣೆಯಲ್ಲಿ "ಒಂದೂ..." ಎಂದು ಎಳೆಯುವ ದನಿ ಮಾತ್ರ — ಅದೊಂದು ಸಲ ಕೇಳಿಸಬಾರದೇ ಅನ್ನಿಸುತ್ತದೆ.

ಇವತ್ತು ಬೆಳಗ್ಗೆ ಒಂದು ಕೂಸು ಬಂತು. ಹೊಸ ಡಾಕ್ಟರು ಮನಸ್ಸಿನಲ್ಲೇ ಎಣಿಸುತ್ತಿದ್ದರು. ನನ್ನ ಕೈ ಬಿಚ್ಚಿಕೊಂಡೇ ಇತ್ತು. ಬಾಯಿ ಬಿಟ್ಟೆ.

"ಸರ್, ಸ್ವಲ್ಪ ಜೋರಾಗಿ ಎಣಿಸ್ತೀರಾ?"

ತಿರುಗಿ ನೋಡಿದರು. ಎಣಿಸಿದರು. ನಾಲ್ಕು ಬೆರಳೂ ಮಡಚಿದೆ. ಆಮೇಲೆ ಒರೆಸಿದೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಮಾತು ಬೇಡ. ಡಾಕ್ಟರಮ್ಮ ಎಣಿಸುತ್ತಿದ್ದಷ್ಟೇ ನಿಧಾನವಾಗಿ — ನಾಲ್ಕರ ತನಕ.