ನಿನ್ನ ಮನೆಯ ರಕ್ತ ಅಲ್ಲ

"ಮೂರು ತಿಂಗಳಲ್ಲಿ ಬೀಗ ಹಾಕಿ ಅಳದಂಗಡಿಗೆ, ತವರಿಗೆ ವಾಪಸ್ ಬರ್ತಾಳೆ" ಅಂದವ ನೀನೇ ಅಲ್ವಾ ಮಹಾಲಿಂಗಣ್ಣ? ಗಂಡನನ್ನು ಬಿಟ್ಟವಳು ಮೆಲ್ಕಾರಿನಲ್ಲಿ ಯೂನಿಫಾರ್ಮ್ ಹೊಲಿಯುವ ಅಂಗಡಿ ನಡೆಸುವುದುಂಟಾ ಅಂತ! ಈಗ ಅದೇ ಅಂಗಡಿಯ ಬೆಂಚಿನಲ್ಲಿ ಕೂತಿದ್ದೀ. ಕೂತುಕೋ, ಕೂತುಕೋ. ಆ ಚೀಲ ಕೆಳಗಿಡು ಮಾರಾಯ, ಇಲ್ಲಿ ಯಾರೂ ಕದಿಯುವುದಿಲ್ಲ.

ಯಾಕೆ ಬಂದದ್ದು ಅಂತ ನನಗೆ ಗೊತ್ತುಂಟು. ನಿನ್ನ ಮಗಳ ಸಂಬಂಧ! ಅನ್ವಿತಾಳನ್ನು ನೋಡಿ ಹೋದ ಮೂಡುಬಿದಿರೆಯವರು ಕೇಳಿರಬೇಕು, "ಹುಡುಗಿಯ ಸೋದರತ್ತೆಗೆ ರಕ್ತದ ಕಾಯಿಲೆಯಂತೆ, ಮನೆತನದ್ದಾ?" ಅಂತ. ನೋಡು, ಮುಖ ತಗ್ಗಿಸಿದೆ! ಪಾಲು ಕೇಳಿದಾಗ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅಂದಿರಿ. ಈಗ ನನ್ನ ರಕ್ತ ನಿಮ್ಮ ಮನೆಯದ್ದಾಯಿತಾ?

ಹೆದರಬೇಡ. ಹೇಳಿಬಿಡು ಅವರಿಗೆ, ಇದು ಪಿತ್ರಾರ್ಜಿತ ಅಲ್ಲ, ಸ್ವಯಾರ್ಜಿತ ಅಂತ! ಯಾಕೆ ನಗಾಡ್ತೀ? ತಮಾಷೆಯಲ್ಲ. ವಂಶದಲ್ಲಿ ಬರುವುದು ಬೇರೆ, ಅದು ಹುಟ್ಟಿನಿಂದಲೇ, ಹೆಚ್ಚಾಗಿ ಗಂಡುಮಕ್ಕಳಿಗೆ. ನನಗೆ ಐವತ್ತು ದಾಟಿದ ಮೇಲೆ ಬಂತು. ರಕ್ತ ಹೆಪ್ಪುಗಟ್ಟಲು ಒಂದು ಅಂಶ ಬೇಕು. ನನ್ನ ಮೈಯೇ ಅದನ್ನು ಶತ್ರು ಅಂತ ತಿಳಿದು ಹೊಡೆದು ಹಾಕ್ತದೆ. ಮನೆಯವರೇ ಮನೆಯವಳನ್ನು ಹೊರಗೆ ಹಾಕಿದ ಹಾಗೆ... ನಿನಗೆ ಅರ್ಥವಾಗಬೇಕಲ್ಲ, ಅನುಭವ ಉಂಟು!

ಮೊದಲು ತೊಡೆಯಲ್ಲಿ ನೇರಳೆ ಬಣ್ಣ. ಸೂಜಿ ಚುಚ್ಚಿದರೆ ನಿಲ್ಲುವ ರಕ್ತ, ಒಳಗೊಳಗೇ ಸೋರ್ತಿತ್ತು. ನಮ್ಮ ಹೊಲಿಗೆಯ ಪರಮೇಶ್ವರಿ ಎಣ್ಣೆ ಹಾಕಿ ತಿಕ್ಕಿದಳು, ಇನ್ನೂ ಊದಿತು. ಇಲ್ಲಿಯ ಡಾಕ್ಟರು ನೋವಿನ ಮಾತ್ರೆ ಕೊಟ್ಟರು. ಇದ್ದದ್ದೂ ಹೆಚ್ಚಾಯಿತು! ಕೊನೆಗೆ ಮಂಗಳೂರಿನಲ್ಲಿ ನನ್ನ ರಕ್ತದ ನೀರಿಗೆ ಆರೋಗ್ಯವಂತರದ್ದನ್ನು ಬೆರೆಸಿ ನೋಡಿದರು. ಬರೀ ಕೊರತೆಯಾದರೆ ಸರಿಹೋಗಬೇಕಂತೆ. ನನ್ನದು ಆ ಒಳ್ಳೆಯದನ್ನೂ ಕೆಡಿಸಿತು. ಹಾಗೆ ಸಿಕ್ಕಿಬಿದ್ದ ಕಳ್ಳ. ಎಲ್ಲ ಓದಿ ತಿಳಿದಿದ್ದೇನೆ. ನನ್ನನ್ನು ಏಳನೇ ಕ್ಲಾಸಿಗೆ ಶಾಲೆಯಿಂದ ಬಿಡಿಸಿದ್ದು ನೀವು, ಓದು ಬಿಟ್ಟದ್ದು ನಾನಲ್ಲ.

ಈಗಲಾ? ಈಗ ಗುಣವಾಗಿದೆ. ಪೂರ್ತಿ. ಮೈಯ ಈ ಹೊಡೆದಾಟ ತಡೆಯಲಿಕ್ಕೆ ಮಂಗಳೂರಿನವರು ಕೊಟ್ಟ ಮಾತ್ರೆಯಿಂದ ಮುಖ ಊದಿ, ಕೈ ನಡುಗಿ, ಕತ್ತರಿ ಹಿಡಿಯಲಾಗದೆ... ಹಾಂ, ಬಿಟ್ಟೆ. ಗುಣವಾದ ಮೇಲೆ ಬಿಟ್ಟದ್ದು! ತಗೋ ಆಗಿನ ರಿಪೋರ್ಟು, ಮೂಡುಬಿದಿರೆಯವರಿಗೆ ತೋರಿಸು. ತಗೋ... ಯಾಕೆ, ಕೈ ಬರುವುದಿಲ್ಲವಾ?

ಏನು ನೋಡ್ತೀ? ತೋಳಾ? ಅದು ಮೇಜಿನ ಮೂಲೆ ತಾಗಿದ್ದು. ಬಿಡು, ಸೆರಗು ಎಳೆಯಬೇಡ! ...ಚೀಲದಲ್ಲಿ ಏನು ಅದು? ಪಂಚೆ, ಟವೆಲು... ಉಳಿಯಲಿಕ್ಕೆ ಬಂದದ್ದಾ? ಹಾಗಾದರೆ ಅನ್ವಿತಾಳ ವಿಷಯ... ಅಲ್ಲವಾ?

ಮೊಬೈಲು ಯಾಕೆ ತೋರಿಸ್ತೀ? ...ಆಸ್ಪತ್ರೆಯ ನಂಬರು. ಅವರು ನಿನಗೇ ಫೋನ್ ಮಾಡಿದರಾ? ಚುಚ್ಚುಮದ್ದಿಗೆ ನಾನು ಹೋಗಲಿಲ್ಲ ಅಂತ? ಹೋದ ವಾರದ ಪರೀಕ್ಷೆಯಲ್ಲಿ ರಕ್ತ ಪುನಃ ಕೆಟ್ಟಿದೆ ಅಂತ?

ಬೈಯುವುದಾದರೆ ಬೈ ಮಾರಾಯ!

...ಹೌದು. ಮನೆಯವರ ನಂಬರು ಕೇಳಿದರು, ನಿನ್ನದು ಕೊಟ್ಟೆ. ಈ ಕಟ್ಟಡ ನನ್ನದು. ಹನ್ನೊಂದು ಮೆಷಿನು ನನ್ನದು. ಹೊರಗೆ ಬೋರ್ಡಿನಲ್ಲಿ ವಸುಧಾ ಅಂತ ನನ್ನದೇ ಹೆಸರು, ಯಾರ ಹೆಸರೂ ಪಕ್ಕದಲ್ಲಿಲ್ಲ. ಕೊಡಲಿಕ್ಕೆ ಬೇರೆ ನಂಬರು ಮಾತ್ರ ಇರಲಿಲ್ಲ.