ಈ ಸಲ ಜಾಗ ಇದೆಯಾ?

ಏಯ್, ಕೂತ್ಕೋ, ನಂಬೋಕೇ ಆಗದಂಥದ್ದು ಒಂದು ನಡೆದುಹೋಗಿದೆ. ನಮ್ಮ ದೊಡ್ಡಮ್ಮನ ಮಗ ಬ್ರೋಡಿ ಇದಾನಲ್ಲ, ಆಸ್ಟ್ರೇಲಿಯಾದ ವೈಕರೀ ಊರಲ್ಲಿ ಕಿತ್ತಳೆ ತೋಟದ ಕೆಲಸಕ್ಕೆ ಹೋಗ್ತಾನಲ್ಲ, ಅವನಿಗೇ ಆಗಿದ್ದು. ಹೋದ ವಾರ, ಈಸ್ಟರ್ ಹಬ್ಬಕ್ಕೆ ಮುಂಚಿನ ಗುರುವಾರ ರಾತ್ರಿ. ಅವನ ಬಾಯಿಂದಲೇ ಕೇಳಿದ್ದು. ದೀಪ ಹಂಗೇ ಇರಲಿ... ಆರಿಸಬೇಡ.

ಪ್ರತಿ ಈಸ್ಟರ್‌ಗೂ ಅವರ ಮನೆಯವರು ಮರ್ರೆ ನದಿ ದಂಡೇಲಿ ನಾಲ್ಕು ರಾತ್ರಿ ಟೆಂಟ್ ಹಾಕ್ತಾರೆ. ಗಾಡಿ ನೀರಿನ ಅಂಚಿನ ತನಕ ಹೋಗುತ್ತೆ. ನಾಲ್ಕು ವರ್ಷದ ಹಿಂದೆ ಬ್ರೋಡಿ ತಮ್ಮ ಟೇಟ್ ಸಂಜೆ ಅಲ್ಲೇ ಪುಟ್ಟ ದೋಣಿ ತಗೊಂಡು ಹೋದ. ದೋಣಿ ಸಿಕ್ತು. ಟೇಟ್ ಸಿಗಲಿಲ್ಲ. ಹೆಣವೂ ಸಿಗಲಿಲ್ಲ. ಹತ್ತೊಂಬತ್ತು ವರ್ಷ ಅವನಿಗೆ.

ದೊಡ್ಡಮ್ಮ ನೋರೀನ್ ಮಾತ್ರ ಅವನು ಸತ್ತ ಅಂತ ಒಪ್ಪಲೇ ಇಲ್ಲ. ಯಾಕೆ ಗೊತ್ತಾ? ಅವನು ಲೈಫ್ ಜಾಕೆಟ್ ಹಾಕ್ಕೊಂಡೇ ಹೋಗಿದ್ದ ಅಂತ ಬ್ರೋಡಿ ಹೇಳಿದ್ದ. ಪೊಲೀಸರಿಗೂ ಹಂಗೇ ಹೇಳಿದ್ದ. ಜಾಕೆಟ್ ಇದ್ದೋನು ಮುಳುಗ್ತಾನಾ, ನದಿ ಕೆಳಗಡೆ ಊರಲ್ಲಿ ಯಾರೋ ದಡಕ್ಕೆ ಎಳ್ಕೊಂಡಿರ್ತಾರೆ, ತಲೆಗೆ ಏಟಾಗಿ ಮನೆ ಮರೆತಿರ್ತಾನೆ... ನಾಲ್ಕು ವರ್ಷದಿಂದ ಇದೇ. ಪ್ರತಿ ಸಲ ನದಿಯ ಅದೇ ತಿರುವಿಗೆ ಹೋಗಿ, ಅವನ ಮಡಚೋ ಕುರ್ಚಿನೂ ಬಿಚ್ಚಿ ಪಕ್ಕಕ್ಕೆ ಹಾಕ್ಕೊಂಡು, ನೀರು ನೋಡ್ತಾ ಕೂರ್ತಾಳೆ.

ಸರಿ, ಬೆಳಗಿನ ಜಾವ ನಾಲ್ಕಕ್ಕೆ ಹೊರಡಬೇಕಲ್ಲ, ಬ್ರೋಡಿ ರಾತ್ರಿನೇ ಗಾಡಿ ತುಂಬಿಸಿ, ಹಿಂಬಾಗಿಲು ಹಾಕಿ, ಗ್ಯಾಸ್ ಸಿಲಿಂಡರ್ ಕೇಳೋಕೆ ಪಕ್ಕದ ತೋಟದ ಮರ್ವ್ ತಾತನ ಮನೆಗೆ ಹೋದ. ತಾತ ಬಿಡ್ತಾನಾ? ಹೋದ ವರ್ಷ ತಗೊಂಡ ಕೊಡಲಿ ಎಲ್ಲಪ್ಪ ಅಂದ. ಆಮೇಲೆ, "ನನ್ನ ಮನೆನೇ ಕಿತ್ಕೊಂಡು ಹೋಗ್ತೀರಲ್ಲೋ. ಬಾಗಿಲಾದ್ರೂ ಬಿಟ್ಟೋಗಿ, ಬೀಗ ಹಾಕೋಕೆ ಬೇಕು."

ಸಿಲಿಂಡರ್ ಹಿಡ್ಕೊಂಡು ನಗ್ತಾನೇ ವಾಪಸ್ ಹೊರಟ. ಹನ್ನೊಂದೂವರೆ. ದಾರೀಲಿ ಒಂದು ಹಳೇ ಮಳೆನೀರಿನ ತಗಡಿನ ಟ್ಯಾಂಕ್. ಈ ವರ್ಷ ಮಳೆನೇ ಇಲ್ಲ, ಒಳಗೆ ಒಂದು ಹನಿ ಇಲ್ಲ. ಆದ್ರೂ ಒಳಗಿಂದ... ಗುಳುಕ್. ನಿಂತ. ಬೆರಳಲ್ಲಿ ಬಡಿದ. ಡಣ್... ಖಾಲಿ. ನಡೆದ. ಆಗ ಹಿಂದೆ ಶುರುವಾಯ್ತು. ಪಚ್... ಪಚ್... ಪಚ್... ಒದ್ದೆ ಬರಿಗಾಲು. ಕಾಂಗರೂ ಇರಬೇಕು ಅಂದ್ಕೊಂಡನಂತೆ. ಕಾಂಗರೂ ನಡೆಯುತ್ತೇನೋ? ಅದು ಕುಪ್ಪಳಿಸುತ್ತೆ. ಅದು ಹೊಳೆದ ಮೇಲೆ ಇವನು ತಿರುಗಿ ನೋಡಲೇ ಇಲ್ಲ.

ಶೆಡ್‌ಗೆ ಬಂದ್ರೆ ಗಾಡಿ ಹಿಂಬಾಗಿಲು ತೆಗೆದಿದೆ. ಬಿಯರ್ ಇಟ್ಟಿದ್ದ ಐಸ್ ಪೆಟ್ಟಿಗೆ ಕೆಳಗೆ ಸಿಮೆಂಟ್ ಮೇಲೆ. ಅಮ್ಮ ಇಳಿಸಿರಬೇಕು ಅಂದ್ಕೊಂಡ. ಬ್ರೋಡಿ ಗಾಡಿ ತುಂಬಿಸಿದ್ರೆ ಚಮಚ ತೂರಿಸೋಕೂ ಸಂದಿ ಇರಲ್ಲ. ಕೆಳಗೆ ಮೇಜು, ಹಾಸಿಗೆ ಸುರುಳಿ, ಮೇಲೆ ಟೆಂಟು, ಬಾಗಿಲ ಹತ್ರ ಗುದ್ದಲಿ, ನೀರಿನ ಕ್ಯಾನು. ಪೆಟ್ಟಿಗೆನ ವಾಪಸ್ ತಳ್ಳಿದ. ಸಿಲಿಂಡರ್ ಎತ್ಕೊಳ್ಳೋಕೆ ಬಗ್ಗಿದ ಅಷ್ಟೇ...

ಕರ್ರ್ರ್...

ಪೆಟ್ಟಿಗೆ ಮತ್ತೆ ನೆಲದ ಮೇಲೆ. ಅದಿದ್ದ ಕಡೆ ಕತ್ತಲೆ ಸಂದಿ. ಅದರಿಂದ ನದಿ ಕೆಸರಿನ ವಾಸನೆ. ಆಮೇಲೆ, ಪಿಸುದನಿ.

"ಅಣ್ಣಾ... ಈ ಸಲ ಜಾಗ ಇದೆಯಾ?"

ಟೇಟೇ ಅಂತ ಬ್ರೋಡಿಗೆ ತಕ್ಷಣ ಗೊತ್ತಾಯ್ತು. ಯಾಕಂದ್ರೆ ಆ ಜಾಗದ ಮಾತು ಅವರಿಬ್ಬರಿಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ. ಆ ವರ್ಷ ಐಸ್ ಪೆಟ್ಟಿಗೆಗೆ ಜಾಗ ಸಾಲಲಿಲ್ಲ ಅಂತ, ಟೇಟ್‌ನ ಜಾಕೆಟ್ಟನ್ನ ಇವನೇ ಗಾಡಿಯಿಂದ ತೆಗೆದು ಶೆಡ್ಡಿನ ತೊಲೆ ಮೇಲೆ ಎಸೆದಿದ್ದ. ನದಿ ದಂಡೇಲಿ ಟೇಟ್ ಹುಡುಕಾಡಿದ, ನನ್ನ ಜಾಕೆಟ್ ಎಲ್ಲಣ್ಣ ಅಂದ. ಜಾಗ ಇರಲಿಲ್ಲ ಕಣೋ, ಹೋಗು, ಏನಾಗಲ್ಲ ಅಂತ ಇವನೇ ಕಳಿಸಿದ್ದ. ಹಾಕ್ಕೊಂಡು ಹೋದ ಅಂದಿದ್ದು ಬರೀ ಸುಳ್ಳು. ಜಾಕೆಟ್ ನಾಲ್ಕು ವರ್ಷದಿಂದ ಆ ತೊಲೆ ಮೇಲೇ, ಟಾರ್ಪಾಲಿನ ಹಿಂದೆ, ಧೂಳು ತಿಂತಾ ಬಿದ್ದಿತ್ತು.

ಏಣಿ ಹಾಕಿ ಹತ್ತಿದ. ಕೈ ಚಾಚಿದ. ಟಾರ್ಪಾಲೆಲ್ಲ ಧೂಳು, ಜೇಡರ ಬಲೆ... ಜಾಕೆಟ್ ಮಾತ್ರ ತೊಯ್ದು ತೊಪ್ಪೆ. ಇಳಿಸ್ತಿದ್ದ ಹಾಗೇ ನೀರು ತೊಟ್ಟಿಕ್ಕೋಕೆ ಶುರು. ತಟ್... ತಟ್...

ಹಿಂದೆ ಚಪ್ಪಲಿ ಸದ್ದು. ದೊಡ್ಡಮ್ಮ. ಬೆಣ್ಣೆ ಹಚ್ಚಿದ ಬನ್ನಿನ ಡಬ್ಬ ಹಿಡ್ಕೊಂಡು ನಿಂತಿದಾಳೆ. ಜಾಕೆಟ್ ಮೇಲೆ ಟೇಟ್ ಅಂತ ಅವಳೇ ಬರೆದಿದ್ದು. ಡಬ್ಬ ಕೆಳಗಿಟ್ಟಳು.

"ಎಲ್ಲಿತ್ತೋ ಇದು?"

ಆಗ ಹೇಳಬಹುದಿತ್ತು. ಬಾಯಿನೂ ತೆಗೆದ.

"ಇಲ್ಲೇ... ಬಿದ್ದಿತ್ತಮ್ಮ."

ಅವಳು ಜಾಕೆಟ್ಟನ್ನ ಎದೆಗೆ ಅವಚ್ಕೊಂಡಳು. ನೈಟಿಯೆಲ್ಲ ನೆನೆದು ಹೋಯ್ತು. ಮೆಲ್ಲಗೆ ಅಂದಳು, "ಇನ್ನೂ ಒದ್ದೆ ಇದೆ. ಈಗಷ್ಟೇ ಬಿಚ್ಚಿಟ್ಟಿದಾನೆ." ಹಿತ್ತಲಿಗೆ ಹೋದಳು. ಬೆಳಗಾಗೋ ತನಕ ಅವನ ಹೆಸರು ಹಿಡಿದು ಕರೀತಾನೇ ಇದ್ಲು.

ನದಿಗೆ ಹೋಗಲೇ ಇಲ್ಲ ಅವರು. ಮಗ ಬಂದಾಗ ಮನೇಲಿ ಯಾರೂ ಇಲ್ದಿದ್ರೆ ಹೆಂಗೆ ಅಂತಾಳೆ. ತುಂಬಿಸಿದ ಗಾಡಿ ಹಂಗೇ ನಿಂತಿದೆ, ಬನ್ನಿಗೆಲ್ಲ ಬೂಷ್ಟು. ಊಟ ನಿದ್ದೆ ಬಿಟ್ಟು ಅವಳು ಬಾಗಿಲಲ್ಲೇ ಕೂತಿದಾಳೆ. ನಿಜ ಹೇಳಿದ್ರೆ ಅಲ್ಲೇ ಪ್ರಾಣ ಬಿಡ್ತಾಳೆ ಅಂತಾನೆ ಬ್ರೋಡಿ. ಹೇಳದಿದ್ರೂ ಬದುಕೋ ಹಾಗೆ ಕಾಣಲ್ಲ.

ಕಟ್ಟುಕತೆ ಅಂದ್ಕೋಬೇಡ. ಜಾಕೆಟ್ ಹಿತ್ತಲ ತಂತಿ ಮೇಲಿದೆ, ಒಂಬತ್ತು ದಿನ ಆಯ್ತು, ರಣ ಬಿಸಿಲು. ನಿನ್ನೆ ಈ ಎರಡು ಕೈಯಲ್ಲೇ ಹಿಂಡಿದೀನಿ. ಅರ್ಧ ಬಕೆಟ್ ನೀರು ಬಂತು, ತಳದಲ್ಲಿ ಮರಳು. ಗಂಟೆ ಬಿಟ್ಟು ನೋಡಿದ್ರೆ ಮತ್ತೆ... ತಟ್... ತಟ್...

ನೀನಾಗಿದ್ರೆ ಹೇಳ್ತಿದ್ಯಾ, ಆ ಅಮ್ಮನಿಗೆ?